ಭಾವ ಹೋಸ್ಟ್ ಆದ ದಿನ ನನ್ನ ಗುಂಡು ಯಾಕೆ ತಾಗುವುದಿಲ್ಲ?

ತಟ್ಟೆಇಡ್ಲಿ_ತುಮಕೂರು

ನಮಸ್ಕಾರ. ಸ್ವಲ್ಪ ಉದ್ದದ ಗೋಳು ಇದು. ಓದಿ ಯಾರಾದರೂ ದಾರಿ ಹೇಳಿ.

ಪ್ರತಿ ಶನಿವಾರ ರಾತ್ರಿ ನಾವು ಮೂರು ಜನ ಸೇರಿ ಆಡುತ್ತೇವೆ. ನಾನು ತುಮಕೂರಲ್ಲಿ, ಚಿಕ್ಕಪ್ಪನ ಮಗ ಬೆಂಗಳೂರಲ್ಲಿ, ಅಕ್ಕನ ಗಂಡ ಲಂಡನ್ ಹತ್ತಿರ. ಮೂವರದ್ದೂ ಟಿವಿಗೆ ಹಾಕಿ ಆಡುವ ಎಕ್ಸ್‌ಬಾಕ್ಸ್ ಕನ್ಸೋಲ್. ಭಾವನಿಗೆ ಹೊಸ ಆಟ ಯಾವುದೂ ರುಚಿಸುವುದಿಲ್ಲ. ಹಾಗಾಗಿ 2009ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2 ಹಾಕಿಕೊಂಡು ಪ್ರೈವೇಟ್ ಮ್ಯಾಚ್‌ನಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಳ್ಳುತ್ತೇವೆ. ಹೆಚ್ಚಾಗಿ ರಸ್ಟ್ ಅನ್ನುವ ಮ್ಯಾಪ್‌ನಲ್ಲಿ (ಆಟದೊಳಗಿನ ಒಂದು ಮೈದಾನ).

ಲಾಬಿ (ಎಲ್ಲರೂ ಬಂದು ಸೇರುವ ಆಟದ ಕೋಣೆ) ನಾನು ಮಾಡಿದ ದಿನ, ಅಂದರೆ ನಾನು ಹೋಸ್ಟ್ ಆದ ದಿನ, ನಾನೇ ರಾಜ. ಭಾವ ಮಾಡಿದ ದಿನ ನಾನು ಹೊಡೆಸಿಕೊಳ್ಳುವ ಗೊಂಬೆ. ಅವರ ಎದೆ ಮೇಲೆ ಕ್ರಾಸ್‌ಹೇರ್ (ಗುರಿ ಗುರುತು) ಇಟ್ಟು ನಾಲ್ಕು ಗುಂಡು ಹಾರಿಸಿರುತ್ತೇನೆ. ರಕ್ತ ಚಿಮ್ಮಿದ್ದೂ ಕಾಣುತ್ತದೆ. ಗುಂಡು ತಾಗಿತು ಅಂತ ತೋರಿಸುವ ಹಿಟ್‌ಮಾರ್ಕರ್ ಮಾತ್ರ ಬರುವುದಿಲ್ಲ, ಅಷ್ಟರಲ್ಲಿ ನಾನು ಸತ್ತಿರುತ್ತೇನೆ. ಕಂಟೇನರ್ ಹಿಂದೆ ಸೇರಿಕೊಂಡ ಮೇಲೂ ಸತ್ತಿದ್ದೇನೆ. ಇನ್ನೂ ಅವಮಾನ ಅಂದ್ರೆ ಕಿಲ್‌ಕ್ಯಾಮ್, ಸತ್ತ ಮೇಲೆ ಹೊಡೆದವನ ಕಣ್ಣಿಂದ ತೋರಿಸುವ ರೀಪ್ಲೇ. ಅದರಲ್ಲಿ ನೋಡಿದರೆ ನಾನು ಗುಂಡೇ ಹಾರಿಸಿಲ್ಲ, ಪೆದ್ದನ ಥರ ಸುಮ್ನೆ ನಿಂತಿದ್ದೇನೆ!

"ವಯಸ್ಸಾಯ್ತು ಕಣೋ ನಿನಗೆ" ಅಂತ ಭಾವ ನಗುತ್ತಾರೆ. ಅವರಿಗೆ 46, ನನಗೆ 31.

ಇನ್ನೆರಡು ವಿಷಯ. ದೀಪಾವಳಿಗೆ ಹೊಸ 50 ಇಂಚಿನ ಟಿವಿ ತಂದೆವು. ಆಮೇಲಿಂದ ಒಬ್ಬನೇ ಕ್ಯಾಂಪೇನ್ (ಆಟದ ಕಥೆಯ ಭಾಗ) ಆಡಿದರೂ ಗುರಿ ಹಿಡಿಯುವುದು ಭಾರ ಅನಿಸುತ್ತದೆ, ಎಮ್ಮೆ ಮೇಲೆ ಕೂತ ಹಾಗೆ. ಮತ್ತೆ, ನಾನು ಹೋಸ್ಟ್ ಆದಾಗ ಎಲ್ಲರೂ ಕಪ್ಪೆ ಥರ ಎಗರುತ್ತಾರೆ ಅಂತ ಚಿಕ್ಕಪ್ಪನ ಮಗ ಬೈಯುತ್ತಾನೆ. ನನ್ನದು 100 ಎಂಬಿಪಿಎಸ್ ಪ್ಲಾನ್, ಸ್ಪೀಡ್ ಟೆಸ್ಟ್‌ನಲ್ಲಿ 94 ಬರುತ್ತದೆ. ತಪ್ಪು ಕೈದಾ, ಟಿವಿದಾ, ಭಾವನದ್ದಾ?

ಕೋಳಿಸಾರು_ಕೇಶವ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಿನಾ ಒಂದು ಗಂಟೆ ಪ್ರಾಕ್ಟೀಸ್ ಮಾಡಿ ಸ್ವಾಮಿ, ಹೋಸ್ಟೂ ಇಲ್ಲ ಪೋಸ್ಟೂ ಇಲ್ಲ.

ಹಳೇಪಾರ್ಲರ್_ಮೈಸೂರು

ಗಾದೆ ಚೆನ್ನಾಗಿದೆ ಕೇಶವಣ್ಣ. ಆದರೆ ಇವರ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕು. ಎಷ್ಟು ಡೊಂಕು ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಾನು 2009ರಿಂದ 2013ರವರೆಗೆ ಸರಸ್ವತಿಪುರಂನಲ್ಲಿ ಗೇಮ್ ಪಾರ್ಲರ್ ನಡೆಸುತ್ತಿದ್ದೆ. ನಾಲ್ಕು ಎಕ್ಸ್‌ಬಾಕ್ಸ್ 360, ಅರ್ಧ ಗಂಟೆಗೆ 25 ರೂಪಾಯಿ. ಹೋಸ್ಟ್ ಜಗಳ ಬಿಡಿಸಿ ಬಿಡಿಸಿ ಈ ವಿಷಯದಲ್ಲಿ ನನಗೆ ಅರ್ಧ ಪಿಎಚ್‌ಡಿ ಆಗಿದೆ.

ಇಡ್ಲಿಯವರೇ, ನೀವು ಆಡುವ ಆಟಕ್ಕೆ ಕನ್ಸೋಲ್‌ನಲ್ಲಿ ಬೇರೆ ಸರ್ವರ್ ಇಲ್ಲ. ಆಡುವವರಲ್ಲೇ ಒಬ್ಬರ ಡಬ್ಬ (ಕನ್ಸೋಲ್) ಸರ್ವರ್ ಆಗುತ್ತದೆ, ಅವರೇ ಹೋಸ್ಟ್. ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು, ತೀರ್ಪೆಲ್ಲ ಅದರದ್ದೇ. ಉಳಿದವರ ಟಿವಿಯಲ್ಲಿ ಕಾಣುವುದು ಆ ಡಬ್ಬ ಸ್ವಲ್ಪ ಹೊತ್ತಿನ ಮುಂಚೆ ಕಳಿಸಿದ ಸುದ್ದಿ. ಆಕಾಶವಾಣಿಯಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿಕೊಂಡು ಬ್ಯಾಟ್ ಬೀಸಿದ ಹಾಗೆ.

ಆ ಸುದ್ದಿ ಎಷ್ಟು ಹಳೆಯದು? ಬೆಂಗಳೂರಿಂದ ಲಂಡನ್ ನೇರ ಲೆಕ್ಕದಲ್ಲಿ ಸುಮಾರು 8,000 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಲು 40 ಮಿಲಿಸೆಕೆಂಡ್, ಬರಲು 40. ಇದಕ್ಕಿಂತ ಕಡಿಮೆ ಮಾಡಲು ದೇವರೇ ಬರಬೇಕು. ಆದರೆ ಕೇಬಲ್ ನೇರ ಹೋಗುವುದಿಲ್ಲ. ಮುಂಬೈ ಕಡೆ ಸಮುದ್ರಕ್ಕಿಳಿದು, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ಎಲ್ಲ ಸುತ್ತಿಕೊಂಡು ಹೋಗುತ್ತದೆ. ಹಾಗಾಗಿ ನಿಮ್ಮ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಬೇಕಾದ ಹೊತ್ತು, 150 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳೋಣ. ಒಂದು ದಿಕ್ಕಿಗೆ 75.

ಈಗ ರಸ್ಟ್‌ನಲ್ಲಿ ನೀವು ಒಂದು ಕಂಟೇನರ್ ಪಕ್ಕ ಮೂಲೆಗೆ ಗುರಿ ಹಿಡಿದು ನಿಂತಿದ್ದೀರಿ. ಭಾವ ಹೋಸ್ಟ್. ಅವರು ಮೂಲೆಯಿಂದ ಈಚೆ ಬಂದರು. ನೀವು ನಿಂತ ಜಾಗ ಅವರಿಗೆ ತಕ್ಷಣ ಕಾಣುತ್ತದೆ. ಅವರು ಬಂದ ಸುದ್ದಿ ನಿಮಗೆ ಮುಟ್ಟುವುದು 75 ಮಿಲಿಸೆಕೆಂಡ್ ಆದ ಮೇಲೆ. ನೀವು ಒತ್ತಿದ ಟ್ರಿಗರ್ ಅವರ ಡಬ್ಬಕ್ಕೆ ಮುಟ್ಟಲು ಇನ್ನೊಂದು 75. ಇಬ್ಬರ ಕೈಯೂ ಒಂದೇ ವೇಗದ್ದು ಅಂದುಕೊಂಡರೂ ಅವರು 150 ಮಿಲಿಸೆಕೆಂಡ್ ಮುಂದೆ. ನಿಮಿಷಕ್ಕೆ 750 ಗುಂಡು ಉಗುಳುವ ರೈಫಲ್ ಆದರೆ ಒಂದೊಂದು ಗುಂಡಿಗೆ 80 ಮಿಲಿಸೆಕೆಂಡ್. ಅಂದರೆ ಹೆಚ್ಚುಕಮ್ಮಿ ಎರಡು ಗುಂಡು ಅವರಿಗೆ ಬೋನಸ್. ನಾಲ್ಕು ಗುಂಡಿಗೆ ಸಾಯುವ ಆಟದಲ್ಲಿ ಎರಡು ಗುಂಡು!

ಇದನ್ನೇ ತಿರುಗಿಸಿ ನೋಡಿ. ಭಾವ ನಿಂತಿದ್ದಾರೆ, ನೀವು ಮೂಲೆಯಿಂದ ನುಗ್ಗುತ್ತೀರಿ. ನಿಮ್ಮ ಓಡಾಟ ನಿಮ್ಮ ಟಿವಿಯಲ್ಲಿ ತಕ್ಷಣ ಆಗುತ್ತದೆ, ಅದಕ್ಕೆ ಹೋಸ್ಟ್ ಅಪ್ಪಣೆ ಬೇಕಿಲ್ಲ. ನಿಂತ ಭಾವ ನಿಮಗೆ ಕೂಡಲೇ ಕಾಣುತ್ತಾರೆ. ನೀವು ಹೊರಬಂದ ಸುದ್ದಿ ಅವರಿಗೆ 75 ಆದ ಮೇಲೆ. ನಿಮ್ಮ ಗುಂಡು ಮುಟ್ಟುವುದೂ 75 ಆದ ಮೇಲೆ. ಲೆಕ್ಕ ಸಮ. ಅಂದರೆ ಅವರು ನುಗ್ಗಿದರೆ ನಿಮಗೆ ಸೋಲು, ನೀವು ನುಗ್ಗಿದರೆ ಡ್ರಾ. ಗೆಲುವು ಅಂತ ಇರುವುದು ಕೈ ಚುರುಕಿದ್ದರೆ ಮಾತ್ರ.

ಅದಕ್ಕೇ ಭಾವ ಹೋಸ್ಟ್ ಆದ ದಿನ ಮೂಲೆ ಕಾಯುತ್ತಾ ಕೂರಲೇಬೇಡಿ. ನೀವೇ ನುಗ್ಗಿ. ಕೂತು ಕಾಯುವ ಆಟ ಹೋಸ್ಟ್‌ಗೆ ಮಾತ್ರ ದಕ್ಕುತ್ತದೆ.

ರಕ್ತದ ವಿಷಯ. ರಕ್ತ ಚಿಮ್ಮಿಸುವುದು ನಿಮ್ಮದೇ ಡಬ್ಬ. ನಿಮ್ಮ ಟಿವಿಯಲ್ಲಿ ಗುರಿ ಸರಿ ಇತ್ತಲ್ಲ, ಅದು ತಡ ಮಾಡದೆ ಕೆಂಪು ತೋರಿಸಿಬಿಡುತ್ತದೆ. ಹಿಟ್‌ಮಾರ್ಕರ್ ಮಾತ್ರ ಹೋಸ್ಟ್ ಒಪ್ಪಿದ ಮೇಲೆ ಬರುವ ರಸೀದಿ. ನಿಮ್ಮ ಗುಂಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಲ್ಲಿನ ಲೆಕ್ಕದಲ್ಲಿ ನೀವು ಸತ್ತಿದ್ದರೆ, ಸತ್ತವನ ಗುಂಡಿಗೆ ಬೆಲೆ ಇಲ್ಲ. ಕಿಲ್‌ಕ್ಯಾಮ್ ತೋರಿಸುವುದೂ ಹೋಸ್ಟ್ ಬರೆದಿಟ್ಟುಕೊಂಡ ಕಥೆಯನ್ನೇ. ಅದರಲ್ಲಿ ನೀವು ಪೆದ್ದನ ಥರ ನಿಂತಿರುವುದು ಅದಕ್ಕೇ.

ಕಂಟೇನರ್ ಹಿಂದೆ ಸತ್ತಿದ್ದೂ ಇದೇ ಲೆಕ್ಕ. ನೀವು ಸೆಕೆಂಡಿಗೆ 5 ಮೀಟರ್ ಓಡಿದರೆ 150 ಮಿಲಿಸೆಕೆಂಡ್‌ಗೆ 75 ಸೆಂಟಿಮೀಟರ್. ಭಾವ ಹೊಡೆದಾಗ ಅವರ ಟಿವಿಯಲ್ಲಿ ನೀವು ಬಯಲಲ್ಲೇ ಇದ್ದಿರಿ. ಸಾವಿನ ಸುದ್ದಿ ಬರುವಷ್ಟರಲ್ಲಿ ನೀವು ಮುಕ್ಕಾಲು ಮೀಟರ್ ಒಳಗೆ.

ಒಂದು ಸಮಾಧಾನದ ಮಾತು. ಈ ಆಟದಲ್ಲಿ ನೀವು ಓಡುವವನ ಮುಂದಕ್ಕೆ ಗುರಿ ಇಡಬೇಕಾಗಿಲ್ಲ. ಹೋಸ್ಟ್ ಡಬ್ಬ ನಿಮ್ಮ ಗುಂಡು ಬಂದಾಗ ಗಡಿಯಾರ ಸ್ವಲ್ಪ ಹಿಂದಕ್ಕೆ ತಿರುಗಿಸಿ, ನೀವು ಒತ್ತಿದಾಗ ನಿಮಗೆ ಎದುರಾಳಿ ಎಲ್ಲಿ ಕಾಣುತ್ತಿದ್ದ ಅಂತ ನೋಡುತ್ತದೆ. ಈ ಉಪಾಯವನ್ನು ಆಟ ತಯಾರಿಸುವ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲೇ ವಿವರವಾಗಿ ಬರೆದಿದ್ದಾರೆ. ಗೋಡೆ ಹಿಂದೆ ಹೋದವನೂ ಸಾಯುವ ತೊಂದರೆ ಇದರಿಂದ ಬರುತ್ತದೆ ಅಂತಲೂ ಅವರೇ ಹೇಳಿದ್ದಾರೆ. ಗೊತ್ತಿದ್ದೇ ಮಾಡಿಕೊಂಡ ರಾಜಿ ಅದು.

ಈ ಉಪಾಯ ಇಲ್ಲದ ಆಟದ ಪಾಡು ನೋಡಬೇಕಿತ್ತು. 2003ರಲ್ಲಿ ಪಿಸಿಗೆ ಬಂದ ಮೊದಲ ಹೇಲೋ ಆಟವನ್ನು ನಾನು ಡಿಎಸ್‌ಎಲ್ ಕಾಲದಲ್ಲಿ ಆಡುತ್ತಿದ್ದೆ, ಪಿಂಗ್ 180ರ ಆಸುಪಾಸು. ಅಡ್ಡ ಓಡುವವನ ಎದೆಗೆ ಹೊಡೆದರೆ ಗುಂಡು ಅವನ ನೆರಳಿಗೂ ತಾಗುತ್ತಿರಲಿಲ್ಲ. ಅವನ ಮೈಯ ಅಗಲಕ್ಕಿಂತ ಜಾಸ್ತಿ ಮುಂದಕ್ಕೆ, ಖಾಲಿ ಗಾಳಿಗೆ ಹೊಡೆಯಬೇಕು. ಹಾರುವ ಗಾಳಿಪಟಕ್ಕೆ ಕಲ್ಲು ಹೊಡೆದ ಹಾಗೆ. ಆರು ತಿಂಗಳಲ್ಲಿ ಅಭ್ಯಾಸವಾಯಿತು. ಆಮೇಲೆ ಲ್ಯಾನ್‌ನಲ್ಲಿ (ಒಂದೇ ಜಾಗದ ಯಂತ್ರಗಳನ್ನು ಕೇಬಲ್‌ನಲ್ಲಿ ಜೋಡಿಸಿ) ಆಡಲು ಕೂತರೆ ಎಲ್ಲ ಗುಂಡೂ ಮುಂದೆ ಮುಂದೆ ಹೋಗುತ್ತಿತ್ತು!

ಮೌಸ್ ಇತ್ತು, ಹೇಗೋ ನಡೆಯಿತು. ಇದೇ ಕೆಲಸ ಕಂಟ್ರೋಲರ್‌ನಲ್ಲಿ ಮಾಡಿ ನೋಡಿ. ಕನ್ಸೋಲ್ ಆಟಗಳಲ್ಲಿ ಏಮ್ ಅಸಿಸ್ಟ್ ಇರುತ್ತದಲ್ಲ, ಕ್ರಾಸ್‌ಹೇರ್ ಎದುರಾಳಿ ಮೇಲೆ ಬಂದ ಕೂಡಲೇ ಬೆಲ್ಲದ ಪಾಕದಲ್ಲಿ ಸಿಕ್ಕ ಹಾಗೆ ನಿಧಾನವಾಗುತ್ತದೆ. ಅದು ಕೆಲಸ ಮಾಡುವುದು ನಿಮ್ಮ ಡಬ್ಬದಲ್ಲಿ, ನಿಮಗೆ ಕಾಣುವ ಹಳೇ ಚಿತ್ರದ ಮೇಲೆ. ಹೋಸ್ಟ್ ಹತ್ತಿರ ಎದುರಾಳಿ ಮುಂದೆ ಹೋಗಿರುತ್ತಾನೆ, ಅಂಟು ಮಾತ್ರ ಅವನ ಭೂತವನ್ನು ಹಿಡಿದುಕೊಂಡಿರುತ್ತದೆ. ಮುಂದಕ್ಕೆ ಗುರಿ ಇಡಬೇಕಾದರೆ ಆ ಅಂಟಿನ ಜೊತೆ ಹೆಬ್ಬೆರಳು ಕುಸ್ತಿ ಆಡಬೇಕು. 2006ರ ಗೇರ್ಸ್ ಆಫ್ ವಾರ್ ಆಡಿದವರೆಲ್ಲ ಹೋಸ್ಟ್‌ನ ಶಾಟ್‌ಗನ್ ಬಗ್ಗೆ ಗೊಣಗಿದ್ದು ಸುಮ್ನೆ ಅಲ್ಲ. ಮೂರು ಹೆಜ್ಜೆ ದೂರದಲ್ಲಿ ಸುತ್ತು ಹೊಡೆಯುತ್ತಾ ಹೊಡೆದಾಡುವಾಗ 30 ಸೆಂಟಿಮೀಟರ್ ಹೆಚ್ಚುಕಮ್ಮಿ ಅಂದರೆ ಬದುಕು ಸಾವಿನ ಪ್ರಶ್ನೆ.

ಟಿವಿ ಬಗ್ಗೆ ಪಾರ್ಲರ್‌ನ ಒಂದು ಕಥೆ ಹೇಳಲೇಬೇಕು. ನಾಲ್ಕೂ ಡಬ್ಬವನ್ನು ಒಂದು ನೆಟ್‌ವರ್ಕ್ ಸ್ವಿಚ್‌ಗೆ ಕಟ್ಟಿ ಹೇಲೋ 3 ಆಡಿಸುತ್ತಿದ್ದೆ. ಹುಡುಗರೆಲ್ಲ ಒಂದನೇ ಡಬ್ಬಕ್ಕೇ ಕಿತ್ತಾಡುತ್ತಿದ್ದರು. "ಅಣ್ಣ, ಅದು ಹೋಸ್ಟು, ಅದರಲ್ಲಿ ಗುಂಡು ಸರಿಯಾಗಿ ತಾಗುತ್ತೆ" ಅಂತ. ಒಂದು ಶನಿವಾರ ಇಬ್ಬರು ಪಿಯುಸಿ ಹುಡುಗರು ಆ ಕುರ್ಚಿಗಾಗಿ ಅಂಗಿ ಹರಿದುಕೊಂಡರು. ಲ್ಯಾನ್‌ನಲ್ಲಿ ಪಿಂಗ್ ಒಂದು ಮಿಲಿಸೆಕೆಂಡ್ ಕೂಡ ಇರುವುದಿಲ್ಲ. ಹೋಸ್ಟ್ ಆದರೇನು, ಬಿಟ್ಟರೇನು? ಆದರೂ ಅದರಲ್ಲಿ ಕೂತವನೇ ಗೆಲ್ಲುತ್ತಿದ್ದುದು ನಿಜ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ.

ಆಮೇಲೆ ಹೊಳೆಯಿತು. ಮೂರು ಡಬ್ಬಕ್ಕೆ ಹೊಸ ಎಲ್‌ಸಿಡಿ ಹಾಕಿದ್ದೆ. ದುಡ್ಡು ಸಾಲದೆ ಒಂದನೆಯದಕ್ಕೆ ಮಾತ್ರ ಮನೆಯ ಹಳೇ 21 ಇಂಚಿನ, ಪಿಕ್ಚರ್ ಟ್ಯೂಬ್‌ನ ಡಬ್ಬಾ ಟಿವಿ. ಒಂದು ಭಾನುವಾರ ರಾತ್ರಿ ಯಾರಿಗೂ ಹೇಳದೆ ಅದನ್ನು ಮೂರನೇ ಟೇಬಲ್‌ಗೆ ಸಾಗಿಸಿದೆ. ಬುಧವಾರದ ಹೊತ್ತಿಗೆ ಹುಡುಗರು "ಅಣ್ಣ, ಈಗ ಮೂರನೆಯದು ಹೋಸ್ಟ್ ಮಾಡಿದ್ದೀರಾ?" ಅಂತ ಕೇಳಲು ಶುರು.

ಎಲ್‌ಸಿಡಿಗಳು ಬಣ್ಣ ತಿದ್ದಿ, ಅಂಚು ತೀಡಿ, ಚಿತ್ರ ಚಂದ ಮಾಡಿ ತೋರಿಸಲು ಹೊತ್ತು ತೆಗೆದುಕೊಳ್ಳುತ್ತಿದ್ದವು. ಡಬ್ಬಾ ಟಿವಿಗೆ ಆ ಶೋಕಿ ಇಲ್ಲ, ಬಂದಿದ್ದನ್ನು ಬಂದ ಹಾಗೆ ತೋರಿಸುತ್ತಿತ್ತು.

ನಿಮಗೆ ಈಗ ಎರಡು ಕಾಯಿಲೆ ಒಟ್ಟಿಗೆ ಇದೆ. ಗುರುತು ಹಿಡಿಯುವುದು ಸುಲಭ. ಸ್ಟಿಕ್ ತಿರುಗಿಸಿದಾಗ ಕ್ರಾಸ್‌ಹೇರೇ ತಡವಾಗಿ ಬಂದು, ಬೇಕಾದ ಜಾಗ ದಾಟಿ ಹೋಗುತ್ತಿದ್ದರೆ ಅದು ಟಿವಿ. ಕ್ರಾಸ್‌ಹೇರ್ ಹೇಳಿದ ಮಾತು ಕೇಳಿ, ಗುಂಡು ಮಾತ್ರ ಲೆಕ್ಕಕ್ಕೆ ಬರದಿದ್ದರೆ ಅದು ನೆಟ್‌ವರ್ಕ್. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಆ ಶೋಕಿಯೆಲ್ಲ ಕಡಿಮೆಯಾಗುತ್ತದೆ. ಬಣ್ಣ ಸ್ವಲ್ಪ ಪೆಚ್ಚಾಗುತ್ತದೆ, ಇರಲಿ.

ಪ್ಯಾಕೆಟ್_ಪದ್ಮ

ಪಾರ್ಲರ್ ಅಣ್ಣನ ಲೆಕ್ಕ ಸರಿ ಇದೆ. ಎರಡು ಕಡೆ ಸ್ವಲ್ಪ ತಿದ್ದುತ್ತೇನೆ. ಶಿವಮೊಗ್ಗದಲ್ಲಿ ಕೇಬಲ್ ಇಂಟರ್ನೆಟ್ ಕೆಲಸ ನನ್ನದು, ದಿನಾ ಇದೇ ಗೋಳು ಕೇಳುತ್ತೇನೆ.

ಒಂದು, "ನುಗ್ಗಿದರೆ ಡ್ರಾ" ಅನ್ನುವುದು ಕಾಗದದ ಮೇಲೆ. ಹೋಗುವ 75, ಬರುವ 75 ಅಂತ ಸಮಪಾಲು ಇರಲೇಬೇಕಿಲ್ಲ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗಿರುವುದು ಮಾಮೂಲು. ಇನ್ನು ಆಟಗಳು ಬೇರೆಯವರ ಓಡಾಟ ನುಣುಪಾಗಿ ಕಾಣಲಿ ಅಂತ ಬೇಕೆಂದೇ ಇನ್ನಷ್ಟು ತಡ ಮಾಡುತ್ತವೆ. ವಾಲ್ವ್‌ನ ಸೋರ್ಸ್ ಎಂಜಿನ್‌ನಲ್ಲಿ (ಅವರ ಆಟಗಳ ಅಡಿಪಾಯದ ಸಾಫ್ಟ್‌ವೇರ್) ಇದು ಮೊದಲಿಂದ ಇದ್ದ ಸೆಟ್ಟಿಂಗ್ ಪ್ರಕಾರ 100 ಮಿಲಿಸೆಕೆಂಡ್. ಸೆಕೆಂಡಿಗೆ 20 ಪ್ಯಾಕೆಟ್ (ಸುದ್ದಿಯ ಪುಟ್ಟ ಕಂತು), ಅಂದರೆ 50 ಮಿಲಿಸೆಕೆಂಡ್‌ಗೊಂದು. ಒಂದು ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೂ ಮುಂದಿನದು ಬರುವವರೆಗೆ ಬಂಡಿ ನಡೆಯಲಿ ಅಂತ ಎರಡರಷ್ಟು ಇಟ್ಟಿದ್ದಾರೆ.

ಎರಡನೆಯದೇ ಮುಖ್ಯ, ಯಾರೂ ಅದನ್ನು ಮುಟ್ಟಲಿಲ್ಲ. ಚಿಕ್ಕಪ್ಪನ ಮಗನ ಕಪ್ಪೆ. ತುಮಕೂರಿಂದ ಬೆಂಗಳೂರು 70 ಕಿಲೋಮೀಟರ್. ಅಲ್ಲಿ ದೂರದ ಮಾತೇ ಇಲ್ಲ. ಎದುರಾಳಿ ಎಗರುತ್ತಾನೆ ಅಂದರೆ ಪ್ಯಾಕೆಟ್‌ಗಳು ಒಂದೇ ಲಯದಲ್ಲಿ ಬರುತ್ತಿಲ್ಲ ಅಂತ. ಒಮ್ಮೆ 20 ಮಿಲಿಸೆಕೆಂಡ್‌ಗೆ, ಒಮ್ಮೆ 200ಕ್ಕೆ. ಆಗ ಆ ನುಣುಪಿಗಾಗಿ ಕೂಡಿಟ್ಟ ದಾಸ್ತಾನು ಖಾಲಿಯಾಗಿ ಚಿತ್ರ ನಿಂತುಬಿಡುತ್ತದೆ, ಆಮೇಲೆ ಒಂದೇ ಸಲ ಎಗರುತ್ತದೆ. ಸ್ಥಿರವಾದ 150 ಪಿಂಗ್‌ಗೆ ಕೈ ಒಗ್ಗಿಕೊಳ್ಳುತ್ತದೆ. 30ರಿಂದ 200ಕ್ಕೆ ಜೋಕಾಲಿ ಆಡುವ ಪಿಂಗ್‌ಗೆ ಯಾವ ಕೈಯೂ ಒಗ್ಗುವುದಿಲ್ಲ.

ಕಾರಣ ನಿಮ್ಮ ಮನೆಯಲ್ಲೇ ಇದೆ ಅಂತ ನನ್ನ ಅನುಮಾನ. 94 ಎಂಬಿಪಿಎಸ್ ಅಂದಿರಿ, ಅದು ರಸ್ತೆಯ ಅಗಲ ಅಷ್ಟೇ. ಆಟಕ್ಕೆ ಬೇಕಾಗುವುದು ಚೂರು ಡೇಟಾ. ಆದರೆ ನೀವು ಹೋಸ್ಟ್ ಆದಾಗ ಎಲ್ಲರಿಗೂ ಸುದ್ದಿ ಹಂಚುವುದು ನಿಮ್ಮ ಅಪ್‌ಲೋಡ್. ಅದೇ ಹೊತ್ತಿಗೆ ಮನೆಯಲ್ಲಿ ಇನ್ನೇನೋ ಅಪ್‌ಲೋಡ್ ಆಗುತ್ತಿದ್ದರೆ ರೂಟರ್ ಮುಂದೆ ಕ್ಯೂ ಬೆಳೆಯುತ್ತದೆ. ಆಟದ ಪುಟ್ಟ ಪ್ಯಾಕೆಟ್ ಆ ಕ್ಯೂನಲ್ಲಿ ದೊಡ್ಡ ದೊಡ್ಡ ಮೂಟೆಗಳ ಹಿಂದೆ ನಿಲ್ಲಬೇಕು. ರೇಷನ್ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲು ಹೋದವನ ಕಥೆ.

ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಿಂದ ಯಾವುದಾದರೂ ಹತ್ತಿರದ ಸರ್ವರ್‌ಗೆ ಪಿಂಗ್ ಬಿಟ್ಟು ಸುಮ್ನೆ ನೋಡಿ. ಆಮೇಲೆ ಫೋನ್‌ನಿಂದ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್‌ಗೆ ಹಾಕಿ ಮತ್ತೆ ನೋಡಿ. ಡಬ್ಬಕ್ಕೆ ವೈಫೈ ಬಿಟ್ಟು ಕೇಬಲ್ ಹಾಕಿ, ಇದು ಕೇಳುವ ಮಾತೇ ಅಲ್ಲ.

ಕೋಳಿಸಾರು_ಕೇಶವ

ಸರಿ ಸರಿ, ನೆಲ ಡೊಂಕು ಅಂತ ಒಪ್ಪಿದೆ. ಒಂದು ಪ್ರಶ್ನೆ. ಹಾಗಿದ್ದರೆ ಹೋಸ್ಟ್ ಆದವನು ಬೇಕಂತಲೇ ನೆಟ್ ತುಂಡು ಮಾಡಿ ಆಟ ಆಡಬಹುದಲ್ವಾ?

ಹಳೇಪಾರ್ಲರ್_ಮೈಸೂರು

ಆಡುತ್ತಿದ್ದರು ಮಾರಾಯರೇ! ಹೇಲೋ 2 ಬಂದಿದ್ದು 2004ರಲ್ಲಿ. ಆಗ ಅಮೆರಿಕದ ಹುಡುಗರು ಹೋಸ್ಟ್ ಆಗಿ, ಮೋಡೆಮ್ ಮೇಲಿನ ಸ್ಟ್ಯಾಂಡ್‌ಬೈ ಬಟನ್ ಒತ್ತಿಬಿಡುತ್ತಿದ್ದರು. ಉಳಿದವರೆಲ್ಲ ಬೊಂಬೆಗಳಂತೆ ನಿಂತುಬಿಡುವರು. ಇವನು ಆರಾಮಾಗಿ ಹೊಡೆದುಕೊಂಡು ಬಂದು ಮತ್ತೆ ಬಟನ್ ಒತ್ತುವುದು. ಆಮೇಲೆ ನೆಟ್‌ವರ್ಕ್ ಕೇಬಲ್ ಮಧ್ಯೆ ದೀಪದ ಸ್ವಿಚ್ ಕೂರಿಸುವ ಮಟ್ಟಕ್ಕೆ ಹೋಯಿತು. ನನ್ನ ಪಾರ್ಲರ್‌ನಲ್ಲೂ ಒಬ್ಬ ಕಾಲಿನ ಹೆಬ್ಬೆರಳಲ್ಲಿ ಸ್ವಿಚ್‌ನ ಕೇಬಲ್ ಸಡಿಲ ಮಾಡುತ್ತಿದ್ದ. ಟೇಬಲ್ ಕೆಳಗೆ ಬಿದ್ದ ಪೆನ್ ತೆಗೆಯಲು ಬಗ್ಗಿದಾಗ ಸಿಕ್ಕಿಬಿದ್ದ. ಈಗ ಒಳ್ಳೆ ಕೆಲಸದಲ್ಲಿದ್ದಾನೆ, ಹೆಸರು ಬೇಡ.

ಇದೆಲ್ಲ ತಪ್ಪಿಸಲಿಕ್ಕೇ ಆಟಗಳು ಮೆಲ್ಲಗೆ ಬೇರೆ ಸರ್ವರ್ ಕಡೆ ಹೋದವು. ಗೇರ್ಸ್ ಆಫ್ ವಾರ್ 3, 2011ರಲ್ಲಿ. ಟೈಟನ್‌ಫಾಲ್, 2014ರಲ್ಲಿ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸರ್ವರ್‌ಗಳ ಮೇಲೆ. ಪ್ಲೇಸ್ಟೇಷನ್ 3ರ ರೆಸಿಸ್ಟೆನ್ಸ್ 2006ರಲ್ಲೇ 40 ಜನರನ್ನು ಬೇರೆ ಸರ್ವರ್‌ನಲ್ಲಿ ಆಡಿಸಿತ್ತು, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಪಾಪ. ಬೇರೆ ಸರ್ವರ್ ಇದ್ದರೆ ಡೊಂಕು ಹೋಗುವುದಿಲ್ಲ, ಆದರೆ ಒಬ್ಬನ ಜೇಬಿಗೆ ಬೀಳುವುದಿಲ್ಲ. ನುಗ್ಗಿದವನಿಗೆ ಸ್ವಲ್ಪ ಲಾಭ ಆಗಲೂ ಇರುತ್ತದೆ, ಯಾರು ನುಗ್ಗಿದರೂ.

ನಮ್ಮ ಕಡೆಯವರಿಗೆ ದೊಡ್ಡ ವ್ಯತ್ಯಾಸ ಆಗಿದ್ದು ದೊಡ್ಡ ಡೇಟಾ ಸೆಂಟರ್‌ಗಳು ದೇಶದೊಳಗೆ ಬಂದ ಮೇಲೆ. ಅಜೂರ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈ. ಅಮೆಜಾನ್ 2016ರಲ್ಲಿ ಮುಂಬೈ. ಅದಕ್ಕೆ ಮುಂಚೆ ಸಿಂಗಪುರವೇ ಗತಿ. ಬೆಂಗಳೂರಿಂದ ಮುಂಬೈ ನೇರ 840 ಕಿಲೋಮೀಟರ್, ಸಿಂಗಪುರ 3,200ರ ಹತ್ತಿರ. ನನ್ನ ಮನೆಯಲ್ಲಿ ಮುಂಬೈ ಸರ್ವರ್ ಸಿಕ್ಕ ದಿನ ಪಿಂಗ್ 28, ಸಿಂಗಪುರಕ್ಕೆ ಹೋದ ದಿನ 60 ದಾಟುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಬ್ಬೆರಳಿಗೆ ಗೊತ್ತಾಗುತ್ತದೆ, ಆಣೆ.

ತಟ್ಟೆಇಡ್ಲಿ_ತುಮಕೂರು

ಎಲ್ಲರಿಗೂ ಕೈ ಮುಗಿದೆ. ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ. ಹೆಂಡತಿ ಎರಡು ಸಲ ಬೈದಳು.

ಮೊದಲು ಟಿವಿ. ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದೆ. ಕಂಟ್ರೋಲರನ್ನು ಟಿವಿ ಮುಂದೆ ಹಿಡಿದು, ಎರಡೂ ಕಾಣುವ ಹಾಗೆ ವಿಡಿಯೊ ಮಾಡಿದೆ. ಬೆರಳು ಟ್ರಿಗರ್ ಒತ್ತಿದ ಫ್ರೇಮ್‌ನಿಂದ ಬಂದೂಕಿನ ಬಾಯಲ್ಲಿ ಬೆಂಕಿ ಕಂಡ ಫ್ರೇಮ್‌ವರೆಗೆ ಒಂದೊಂದಾಗಿ ಎಣಿಸಿದೆ. 44 ಫ್ರೇಮ್. ಅಂದರೆ 183 ಮಿಲಿಸೆಕೆಂಡ್! ಗೇಮ್ ಮೋಡ್ ಹುಡುಕಲು ಅರ್ಧ ಗಂಟೆ ಹಿಡಿಯಿತು, ನಾಲ್ಕು ಮೆನು ಒಳಗೆ ಹೂತಿಟ್ಟಿದ್ದಾರೆ. ಹಾಕಿದ ಮೇಲೆ 23 ಫ್ರೇಮ್, 96 ಮಿಲಿಸೆಕೆಂಡ್. ಐದು ಸಲ ಮಾಡಿದೆ, ಒಂದು ಫ್ರೇಮ್ ಆಚೆ ಈಚೆ ಅಷ್ಟೇ. ಲಂಡನ್‌ಗೆ ಸುದ್ದಿ ಮುಟ್ಟಲು 75 ಬೇಕಾದರೆ, ಸೋಫಾದಿಂದ ಟಿವಿಗೆ ಅದಕ್ಕಿಂತ ಜಾಸ್ತಿ ಸುಮ್ನೆ ಕಳೆದುಕೊಳ್ಳುತ್ತಿದ್ದೆ. ಎಮ್ಮೆ ಹೋಯಿತು, ಈಗ ಕ್ಯಾಂಪೇನ್ ಹಗುರವಾಗಿದೆ.

ಪದ್ಮ ಮೇಡಂ, ನಿಮ್ಮ ಅನುಮಾನ ನೂರಕ್ಕೆ ನೂರು. ಸುಮ್ನೆ ಇದ್ದಾಗ ಪಿಂಗ್ 31. ನಾನು ವಿಡಿಯೊ ಅಪ್‌ಲೋಡ್ ಹಾಕುವ ಮೊದಲೇ ಅದು 240ಕ್ಕೆ ಹಾರಿತು. ಏನಪ್ಪಾ ಅಂತ ನೋಡಿದರೆ ಗೇಟ್ ಹತ್ತಿರ ಹಸು ಬಂದಿತ್ತು. ಅಪ್ಪ ಹಾಕಿಸಿದ ಸಿಸಿಟಿವಿ ಕ್ಯಾಮೆರಾ ಏನಾದರೂ ಅಲುಗಾಡಿದ ಕೂಡಲೇ ವಿಡಿಯೊವನ್ನು ಕ್ಲೌಡ್‌ಗೆ ಕಳಿಸುತ್ತದಂತೆ. ಒಟ್ಟು ನಾಲ್ಕು ಕ್ಯಾಮೆರಾ. ರಾತ್ರಿ ಬೀದಿನಾಯಿಗಳ ಓಡಾಟ ಜಾಸ್ತಿ. ಅಂದರೆ ನಮ್ಮ ಬೀದಿಯಲ್ಲಿ ನಾಯಿ ಓಡಿದರೆ ಬೆಂಗಳೂರಲ್ಲಿ ತಮ್ಮನ ಟಿವಿಯಲ್ಲಿ ಕಪ್ಪೆ ಎಗರುತ್ತಿತ್ತು.

ರೂಟರ್‌ನಲ್ಲಿ ಕ್ಯಾಮೆರಾಗಳಿಗೆ ಅಪ್‌ಲೋಡ್ ಮಿತಿ ಹಾಕಿದೆ, ಡಬ್ಬಕ್ಕೆ ಕೇಬಲ್ ಎಳೆದೆ. ಅಪ್ಪನಿಗೆ ಹೇಳಿಲ್ಲ.

ಒಂದೇ ಉಳಿದಿದೆ. ಭಾವ ಹೋಸ್ಟ್ ಆದರೂ ನಾನು ಹೋಸ್ಟ್ ಆದರೂ ಒಬ್ಬರಿಗೆ ಅನ್ಯಾಯವೇ ಅಲ್ವಾ? ಇದಕ್ಕೆ ಮದ್ದು ಇಲ್ಲವಾ?

ಪ್ಯಾಕೆಟ್_ಪದ್ಮ

ಹಸು ಕಥೆ ಆಫೀಸಲ್ಲಿ ಎಲ್ಲರಿಗೂ ಹೇಳಿದೆ, ಕ್ಷಮಿಸಿ.

ಮಧ್ಯದಲ್ಲಿ ಯಾರಾದರೂ ಇದ್ದರೆ ಅವರನ್ನು ಹೋಸ್ಟ್ ಮಾಡಿ. ದುಬೈನಲ್ಲಿ ಗೆಳೆಯ ಯಾರಿದ್ದಾರೆ? ಬೆಂಗಳೂರಿಂದ ದುಬೈ 2,700 ಕಿಲೋಮೀಟರ್, ಅಲ್ಲಿಂದ ಲಂಡನ್ 5,500. ಭಾವನೂ ನೀವೂ ಇಬ್ಬರೂ ಅವರ ಡಬ್ಬಕ್ಕೆ ಹೋಗಬೇಕಾಗುತ್ತದೆ. ಆಗಲೂ ನಿಮಗೇ ಹತ್ತಿರ, ಆದರೆ ಸೊನ್ನೆ ಮತ್ತು 150ರ ನಡುವಿನ ಅಂತರ ಇರುವುದಿಲ್ಲ. ಆ ಗೆಳೆಯನಿಗೆ ಆಟ ಬರದಿದ್ದರೆ ಇನ್ನೂ ಒಳ್ಳೆಯದು. ಹೋಸ್ಟ್ ಲಾಭ ಪೂರ್ತಿ ಅವನಿಗೇ ತಾನೇ?

ಹಳೇಪಾರ್ಲರ್_ಮೈಸೂರು

ಕರ್ನಾಟಕದ ಪ್ರತಿ ಮನೆಗೂ ದುಬೈನಲ್ಲಿ ಒಬ್ಬ ನೆಂಟ ಇದ್ದೇ ಇರುತ್ತಾನೆ. ಹುಡುಕಿ.

ಸಿಗದಿದ್ದರೆ ಒಂದು ಮ್ಯಾಚ್ ನೀವು, ಒಂದು ಮ್ಯಾಚ್ ಭಾವ. ಎರಡರ ಸ್ಕೋರ್ ಕೂಡಿಸಿ. ನಾನು ಪಾರ್ಲರ್‌ನಲ್ಲಿ ಕುರ್ಚಿ ಅದಲು ಬದಲು ಮಾಡಿಸಿಯೇ ಟೂರ್ನಮೆಂಟ್ ಆಡಿಸುತ್ತಿದ್ದೆ, ಜಗಳ ಅರ್ಧಕ್ಕೆ ಇಳಿದಿತ್ತು. ಇನ್ನರ್ಧ ಬೋಂಡಾ ಯಾರು ಕೊಡಿಸಬೇಕು ಅನ್ನುವುದಕ್ಕೆ.

ತಟ್ಟೆಇಡ್ಲಿ_ತುಮಕೂರು

ಕಳೆದ ಶನಿವಾರದ ಸುದ್ದಿ. ದುಬೈ ನೆಂಟ ಸಿಕ್ಕಿದ, ಆದರೆ ಅವನ ಹತ್ತಿರ ಇರುವುದು ಪ್ಲೇಸ್ಟೇಷನ್, ಈ ಆಟದಲ್ಲಿ ಅದು ಎಕ್ಸ್‌ಬಾಕ್ಸ್ ಜೊತೆ ಸೇರುವುದಿಲ್ಲ. ಹಾಗಾಗಿ ಅದಲು ಬದಲು ಪದ್ಧತಿ.

ನನ್ನ ಲಾಬಿಯಲ್ಲಿ ನಾನು 25, ಭಾವ 14. ತಮ್ಮನಿಗೆ ಒಂದೂ ಕಪ್ಪೆ ಕಾಣಲಿಲ್ಲ. ಭಾವನ ಲಾಬಿಯಲ್ಲಿ ಮೂಲೆ ಕಾಯುವುದು ಬಿಟ್ಟು ಬರೀ ನುಗ್ಗಿದೆ. ಅವರು 25, ನಾನು 21. ಹಿಂದೆಲ್ಲ ಎಂಟು ದಾಟುತ್ತಿರಲಿಲ್ಲ. ಒಟ್ಟು 46ಕ್ಕೆ 39, ಗೆದ್ದೆ.

ಪಾರ್ಲರ್ ಅಣ್ಣನ ಲೆಕ್ಕ ಪೂರ್ತಿ ಭಾವನಿಗೆ ವಿವರಿಸಿದೆ. 150 ಮಿಲಿಸೆಕೆಂಡ್, ಎರಡು ಗುಂಡು, ಈಜಿಪ್ಟ್ ಎಲ್ಲ. ಸಮಾಧಾನವಾಗಿ ಕೇಳಿಸಿಕೊಂಡು, "ಹಾಗಾದ್ರೆ ನಿನ್ನ ಲಾಬಿಯಲ್ಲಿ ನಾನು ಹೊಡೆದ 14ನ್ನೂ ಎರಡರಿಂದ ಗುಣಿಸಬೇಕು" ಅಂದರು. ಅಕ್ಕ ಹಿಂದಿನಿಂದ "ಹೌದು ಹೌದು" ಅಂದಳು. ಈಗ ಹೊಸ ಜಗಳ ಅದು.